ಮೊದಲು ಅಮ್ಮ ಕಲಿಯಬೇಕು

ಅಮ್ಮಾ,

ಟೋಕಿಯೊ, ವಿಯೆನ್ನಾ ಅಂತ ಕಚೇರಿ ಕೊಡುತ್ತಾ ತಿರುಗಿದ್ದೆಲ್ಲ ಮುಗಿದು, ಕಾನಜಾವಾದಲ್ಲಿ ಈಗ ನನಗೆ ಉಳಿದಿರುವುದು ಮಕ್ಕಳ ಪಾಠವೊಂದೇ. ಮೊದಲು ತಾಯಿ ಪಿಟೀಲು ಕಲಿಯಬೇಕು, ಅವಳನ್ನು ನೋಡಿ ಮಗುವಿಗೆ ಆಸೆ ಹುಟ್ಟಬೇಕು ಅನ್ನುವ, ನೀನೂ ನನಗಾಗಿ ಕಲಿತ ಆ ಪದ್ಧತಿ ಇನ್ನೂ ಹಾಗೇ ಇದೆ.

ಇವತ್ತು ಕುಜುಮಿ ಎಂಬಾಕೆ ಬಾರಿಸುತ್ತಿದ್ದಾಗ ಮಗಳು ಚಿನತ್ಸು, "ಸಾಕು ಕುಯ್ದಿದ್ದು, ನಂಗೆ ಕೊಡಮ್ಮಾ!" ಎಂದು ಪಿಟೀಲು ಕಿತ್ತುಕೊಂಡಳು.

"ಗೆದ್ದಿರಿ! ಇನ್ನು ನಿಮ್ಮ ಕೆಲಸ ಮುಗೀತು," ಎಂದೆ, ಎಲ್ಲ ತಾಯಂದಿರಿಗೂ ಹೇಳುವ ಹಾಗೆ.

"ಅಬ್ಬಾ, ಬದುಕಿದೆ ಸೆನ್ಸೇ," ಎಂದು ನಕ್ಕಳು. ಮಡಿಲಲ್ಲಿದ್ದ ಅವಳ ಎಡಗೈ ಬೆರಳುಗಳು ಮಾತ್ರ ನಿಲ್ಲಲಿಲ್ಲ, ಮಗಳ ಜೊತೆಗೇ ಆಡುತ್ತಿದ್ದವು.

ಅವರು ಹೋದ ಮೇಲೆ ನಿನ್ನ ಫೋಟೊದ ಮುಂದೆ ಅನ್ನ ಇಟ್ಟು ಕೂತೆ. ನಾನು ಅಭ್ಯಾಸ ಮಾಡುವಾಗ ಅಡುಗೆಮನೆ ಕಟ್ಟೆಯ ಮೇಲೆ ನಿನ್ನ ಬೆರಳುಗಳೂ ಹೀಗೇ ಆಡುತ್ತಿದ್ದವು.

ನನಗೆ ತಾಳ ಹಾಕುತ್ತಿದ್ದೀಯ ಅಂದುಕೊಂಡಿದ್ದೆ.