ಎರಡನೇ ಸಾಲಿನ ಕೆಮ್ಮು

ಮನೆ, ಮಹಡಿ ಮೆಟ್ಟಿಲ ಮೇಲೆ
ಮಾರ್ಚ್ ೪, ಮಂಗಳವಾರ, ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಂಟಲಿನ ಗಾಯ ಒಣಗಿತಾ? ರೇಡಿಯೇಷನ್ ಇನ್ನು ಎಷ್ಟು ದಿನ ಇದೆಯಂತೆ? ನೀರು ನುಂಗುವಾಗ ಮೊದಲಿನಷ್ಟು ನೋವಿಲ್ಲ ಎಂದು ಭಾವ ಹೇಳಿದರು. ಸಿಟ್ಟು ಬಂದರೆ ಸ್ಲೇಟಿನ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ ಬೈದು ಅವರ ಮೂಗಿನ ಮುಂದೆ ಹಿಡಿಯುತ್ತೀಯಂತೆ. ಬಾಯಲ್ಲಿ ಬೈದಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದಿತ್ತು, ಈಗ ಓದಿ ಮುಗಿಸುವ ತನಕ ಬಿಡೋದಿಲ್ಲ ಎಂದು ನಗುತ್ತಿದ್ದರು. ಅವರು ನಕ್ಕಿದ್ದು ಕೇಳಿ ಅಮ್ಮನಿಗೆ ಸಮಾಧಾನವಾಯಿತು. ನಾವಿಲ್ಲಿ ಚೆನ್ನಾಗಿದ್ದೇವೆ. ನನಗೆ ಇಂಟರ್ನಲ್ಸ್ ಟೆನ್ಷನ್ ಇದ್ದೇ ಇದೆ, ಅದು ಬಿಡು. ಮೆಸೇಜ್ ಮಾಡದೆ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಮೆಸೇಜ್ ಮೂರು ಸಲ ಟೈಪ್ ಮಾಡಿದೆ, ಮೂರು ಸಲವೂ ಅಳಿಸಿದೆ. ಕಾಗದವನ್ನು ಡಬ್ಬಿಗೆ ಹಾಕಿದ ಮೇಲೆ ಕೈ ಹಾಕಿ ತೆಗೆಯಲು ಬರುವುದಿಲ್ಲ, ಅದಕ್ಕೆ.

ಭಾನುವಾರ ನಿನ್ನ ಪಾಪುವಿಗೆ ಒಂದು ವರ್ಷ. ತಯಾರಿಯೆಲ್ಲ ನನ್ನ ತಲೆಗೆ ಬಂದಿದೆ. ಹುಟ್ಟುಹಬ್ಬ ಮಾಡಿ ನನಗೆ ಅಭ್ಯಾಸವಿಲ್ಲ ಎಂದು ನಿನಗೆ ಗೊತ್ತು. ಹಾಸ್ಟೆಲ್‌ನಲ್ಲಿ ತಿಂಗಳ ಕೊನೆಯ ಭಾನುವಾರ, ಆ ತಿಂಗಳು ಹುಟ್ಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಕೇಕ್ ಕತ್ತರಿಸುತ್ತಿದ್ದರು. ವಾರ್ಡನ್ ಹೆಸರು ಕೂಗಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ತುಂಡು. ಹತ್ತು ವರ್ಷ ನಾನು ಏಳು ಜನರ ಜೊತೆ ಹುಟ್ಟಿದ್ದೇನೆ. ಹಾಗಾಗಿ ಪ್ಲಾನ್ ಮಾಡು ಎಂದು ಅಮ್ಮ ಅಂದಾಗ ನನಗೆ ಬಂದಿದ್ದು ಟೈಮ್‌ಟೇಬಲ್ಲೇ. ನಾಲ್ಕಕ್ಕೆ ಎಲ್ಲರೂ ಒಳಗೆ ಬರುವುದು, ನಾಲ್ಕು ಹತ್ತಕ್ಕೆ ಕೈ ತೊಳೆಯುವುದು, ನಾಲ್ಕೂಕಾಲಿಗೆ ಕೇಕ್. ಬಾಗಿಲ ಹಿಂದೆ ಅಂಟಿಸಿದ್ದೆ. ಅಮ್ಮ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, "ಇದೇನೇ, ಹುಟ್ಟುಹಬ್ಬಾನೋ ಡ್ರಿಲ್ಲೋ? ಕೂಸಿಗೆ ಹಾಜರಿ ಬೇರೆ ಹಾಕ್ತೀಯಾ?" ಎಂದಳು. ಹರಿದು ಹಾಕಿದೆ. ಆದರೆ ಕೈ ತೊಳೆಯುವುದನ್ನು ಮಾತ್ರ ಬಿಟ್ಟಿಲ್ಲ, ಪಾಪು ಎಲ್ಲರ ಬೆರಳನ್ನೂ ಬಾಯಿಗೆ ಹಾಕಿಕೊಳ್ಳುತ್ತಾಳೆ.

ಖರ್ಚಿನ ಬಗ್ಗೆ ನೀನು ಚಿಂತೆ ಮಾಡಬೇಡ, ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ದೇವೆ. ಅಮ್ಮ ಹೊಲಿಗೆಯಲ್ಲಿ ಮಿಕ್ಕ ಚೂರುಬಟ್ಟೆಗಳನ್ನೆಲ್ಲ ಚೀಲದಿಂದ ಸುರಿದಳು. ಅದರಲ್ಲಿ ಮುಕ್ಕೋನ ಕತ್ತರಿಸಿ ದಾರಕ್ಕೆ ಪೋಣಿಸಿದ್ದೇನೆ, ಕಿಟಕಿಯಿಂದ ಕಪಾಟಿನವರೆಗೆ ಬರುತ್ತದೆ. ಯಾರ ಯಾರ ಅಂಗಿಯ ಚೂರು ಯಾವುದು ಎಂದು ಅಮ್ಮ ಹೇಳುತ್ತಾಳೆ. ಇಡೀ ಬೀದಿಯೇ ನಮ್ಮ ಗೋಡೆಯ ಮೇಲೆ ನೇತಾಡುತ್ತಿದೆ. ಕೇಕ್ ಪಕ್ಕದ ಮನೆ ನರ್ಸಮ್ಮನ ಓವನ್‌ನಲ್ಲಿ. ಬಲೂನು ಮೂರೇ ಮೂರು, ಅದೂ ಅರ್ಧ ಊದಿ, ಏಕೆಂದರೆ ಒಂದು ಒಡೆದಾಗ ಪಾಪು ಹೆದರಿ ಅಮ್ಮನ ಸೆರಗಿನಲ್ಲಿ ಅಡಗಿದವಳು ಗಂಟೆ ಕಳೆದರೂ ಹೊರಗೆ ಬರಲಿಲ್ಲ. ನೀನು ಅರ್ಧ ಹೊಲಿದು ಹೋಗಿದ್ದ ನೀಲಿ ಫ್ರಾಕು ನೆನಪಿದೆಯಾ? ಪಾಪು ಅಷ್ಟರಲ್ಲಿ ಉದ್ದವೂ ಆಗಿದ್ದಾಳೆ, ದಪ್ಪವೂ ಆಗಿದ್ದಾಳೆ. ಎಲ್ಲ ಬಿಚ್ಚಿ ಹೊಸದಾಗಿ ಹೊಲಿದರೆ ಸುಲಭವಿತ್ತು. ಅಮ್ಮ ಬಿಚ್ಚಲಿಲ್ಲ. ನಿನ್ನ ಹೊಲಿಗೆ ಇದ್ದ ಹಾಗೇ ಇಟ್ಟು, ಎರಡೂ ಪಕ್ಕಕ್ಕೆ ಬೇರೆ ಬಟ್ಟೆ ಕೊಟ್ಟು ಅಗಲ ಮಾಡಿದಳು.

ಪಾಪು ಈಗ ಹೊಲಿಗೆ ಮಷೀನಿನ ಕಾಲು ಹಿಡಿದು ನಿಲ್ಲುತ್ತಾಳೆ. ಕೈ ಬಿಟ್ಟು ಒಂದು ಕ್ಷಣ ನಿಂತು, ತಾನು ನಿಂತಿದ್ದೇನೆ ಎಂದು ತನಗೇ ಗೊತ್ತಾದ ತಕ್ಷಣ ಧೊಪ್ಪನೆ ಕೂರುತ್ತಾಳೆ. ಹಲ್ಲು ನಾಲ್ಕು. ನಿನ್ನ ಫೋಟೊ ತೋರಿಸಿದರೆ ಕೈ ಬಡಿಯುತ್ತಾಳೆ, ಆದರೆ ಸುಳ್ಳು ಯಾಕೆ ಹೇಳಲಿ, ಕ್ಯಾಲೆಂಡರ್ ತೋರಿಸಿದರೂ ಬಡಿಯುತ್ತಾಳೆ.

ಹೋದ ವಾರ ಮೆಸೇಜಿನಲ್ಲಿ ನೀನು ಬರೆದಿದ್ದೆ: "ಬೇರೇನೂ ಬೇಡ. ಕೇಕ್ ಮುಟ್ಟುವಾಗ ನಿನ್ನ ಫೋನಿನಲ್ಲಿರುವ ನನ್ನ ಹಾಡು ಹಾಕು. ನಾನೂ ಬಂದ ಹಾಗಾಗುತ್ತದೆ." ಅಮ್ಮ ಅದನ್ನು ನರ್ಸಮ್ಮನಿಗೂ ಓದಿ ಹೇಳಿದ್ದಾಳೆ. ಅವರು ಸಣ್ಣ ಸ್ಪೀಕರ್ ತರುತ್ತಾರಂತೆ. ಆ ಹೊತ್ತಿಗೆ ಯಾರೂ ಮಾತಾಡಬಾರದು, ಕುರ್ಚಿ ಕೂಡ ಎಳೆಯಬಾರದು ಎಂದು ಅಮ್ಮ ಈಗಲೇ ಎಲ್ಲರಿಗೂ ತಾಕೀತು ಮಾಡಿದ್ದಾಳೆ. ದಿನಾ ಸಂಜೆ ನಾನು ಕಾಲೇಜಿನಿಂದ ಬಂದು ಪರದೆಯ ಆಚೆ ಪಾಪುವನ್ನು ಮಲಗಿಸುವಾಗ, ಹಾಡು ಶುರುವಾದ ಕೂಡಲೇ ಈಚೆ ಅಮ್ಮನ ಮಷೀನು ನಿಲ್ಲುತ್ತದೆ. ಮುಗಿದ ಮೇಲೆ ಮತ್ತೆ ಶುರು. ಒಂದು ದಿನವೂ ಅವಳು ಅದರ ಬಗ್ಗೆ ಏನೂ ಹೇಳಿಲ್ಲ. ಹಾಡಿನ ವಿಷಯ ಇನ್ನೂ ಸ್ವಲ್ಪ ಇದೆ, ಕೊನೆಯಲ್ಲಿ ಬರೆಯುತ್ತೇನೆ.

ಅಮ್ಮ ಕರೆಯುತ್ತಿದ್ದಾಳೆ. ಭಾವನಿಗೆ ನನ್ನ ನಮಸ್ಕಾರ, ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳು, ಅಂದರೆ ಬರೆದು ತೋರಿಸು. ಪಾಪುವಿನ ಕೈಯನ್ನು ಈ ಪುಟದ ಮೇಲೆ ಇಟ್ಟು ಸುತ್ತ ಗೆರೆ ಎಳೆದಿದ್ದೇನೆ. ಐದು ಬೆರಳಿನಲ್ಲಿ ಮೂರು ಮಾತ್ರ ಬಂದಿವೆ, ಉಳಿದವಕ್ಕೆ ಪುರುಸೊತ್ತಿರಲಿಲ್ಲ. ಬೇಗ ವಾಸಿಮಾಡಿಕೊಂಡು ಬಾ.

ನಿನ್ನ ತಂಗಿ,
ಗಡಿಬಿಡಿ

ಮತ್ತೆ: ಅಕ್ಕಾ, ಕವರ್ ಅಂಟಿಸಿ ಬಿಚ್ಚಿದ್ದೇನೆ. ಆ ಹಾಡು ಇಲ್ಲ. ಜನವರಿಯಲ್ಲಿ ಪರೀಕ್ಷೆಯ ಹಿಂದಿನ ದಿನ ನೋಟ್ಸ್ ಫೋಟೊ ತೆಗೆಯುವಾಗ ಫೋನಿನಲ್ಲಿ ಜಾಗ ಇಲ್ಲ ಎಂದು ಬಂತು. ಗಾಬರಿಯಲ್ಲಿ ದೊಡ್ಡ ದೊಡ್ಡ ಫೈಲುಗಳನ್ನೆಲ್ಲ ಒಟ್ಟಿಗೆ ಅಳಿಸಿದೆ. ಅದರಲ್ಲಿ ನಿನ್ನದೂ ಹೋಯಿತು. ಯಾರಿಗೂ ಕಳಿಸಬೇಡ, ಪಾಪುವಿಗೆ ಮಾತ್ರ ಎಂದು ನೀನು ನಾಚಿಕೊಂಡು ಹೇಳಿದ್ದೆಯಲ್ಲ, ಅದಕ್ಕೆ ಬೇರೆ ಎಲ್ಲೂ ಇಟ್ಟಿರಲಿಲ್ಲ. ನಿನ್ನ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದು ಜೀವನದಲ್ಲಿ ಅದೊಂದೇ ಸಲ. ಫೋನ್ ರಿಪೇರಿಯವನು ಎರಡು ದಿನ ಇಟ್ಟುಕೊಂಡು, "ಬರೋ ಹಾಗಿದ್ರೆ ಬರ್ತಿತ್ತಮ್ಮ" ಎಂದ. ನಿನ್ನ ಗಂಟಲಿನ ಆಪರೇಷನ್ ಅದಕ್ಕೂ ಮೊದಲೇ ಆಗಿತ್ತು. ಇನ್ನೊಂದು ಸಲ ಹಾಡು ಎಂದು ಕೇಳಲು ದಾರಿಯೇ ಇರಲಿಲ್ಲ.

ಅಂದಿನಿಂದ ಪರದೆಯ ಹಿಂದೆ ಹಾಡುತ್ತಿರುವುದು ನಾನು. ಫೋನನ್ನು ದಿಂಬಿನ ಮೇಲೆ ಇಟ್ಟುಕೊಂಡು, ನಿನ್ನ ಹಾಗೆ ಎಳೆದು ಎಳೆದು. ನಮ್ಮಿಬ್ಬರ ಧ್ವನಿ ಒಂದೇ ಎಂದು ಎಲ್ಲರೂ ಹೇಳುತ್ತಿದ್ದರಲ್ಲ. ಅಮ್ಮ ಎರಡು ತಿಂಗಳಿಂದ ಮಷೀನು ನಿಲ್ಲಿಸಿ ನನ್ನನ್ನೇ ಕೇಳುತ್ತಿದ್ದಾಳೆ. ಅವಳಿಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಪಾಪುವಿಗೆ ಗೊತ್ತಿದೆ. ನೀನು ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಹಾಡು ರೆಕಾರ್ಡ್ ಮಾಡುವಾಗ "ಅಂಗಿ ಗುಂಡಿ ಹಾಕಿದ್ರೆ ಬಾಗ್ಲು ಮುಚ್ತು, ಗಾಳಿ ಆಚೆ ನಿಂತ್ಕೊಂತು" ಎಂದು ಎರಡನೇ ಸಾಲು ಮುಗಿಸಿದ ಕೂಡಲೇ ನಿನಗೆ ಕೆಮ್ಮು ಬಂತು. ಇನ್ನೊಂದು ಸಲ ಹಾಡ್ತೀನಿ ಎಂದೆ ನೀನು. ಬೇಡ, ಚೆನ್ನಾಗಿದೆ ಎಂದೆ ನಾನು. ನಾನು ಹಾಡುವಾಗ ಅಲ್ಲಿ ಕೆಮ್ಮುವುದಿಲ್ಲ, ಅದು ಮಾತ್ರ ನನ್ನಿಂದ ಆಗಲಿಲ್ಲ. ಮೊದಲ ದಿನ ಆ ಜಾಗ ಬಂದಾಗ ಅವಳು ಕಣ್ಣು ಬಿಟ್ಟು ನನ್ನ ಬಾಯಿಯನ್ನೇ ನೋಡಿದಳು. ಸ್ವಲ್ಪ ಕಾದಳು. ಆಮೇಲೆ ತಾನೇ ಕೆಮ್ಮಿದಳು, ಸಣ್ಣಗೆ, ಎರಡು ಸಲ, ಥೇಟ್ ನಿನ್ನ ಹಾಗೆ. ಈಗ ದಿನಾ ಕೆಮ್ಮುತ್ತಾಳೆ. ನೆಗಡಿಯಲ್ಲ ಅಕ್ಕಾ, ನರ್ಸಮ್ಮನಿಗೆ ತೋರಿಸಿದ್ದೇನೆ.

ಈ ಕಾಗದ ಡಬ್ಬಿಗೆ ಹಾಕಿ ಬಂದು ಅಮ್ಮನಿಗೆ ಹೇಳುತ್ತೇನೆ. ಭಾನುವಾರ ಸ್ಪೀಕರ್ ಬೇಡ ಎನ್ನುತ್ತೇನೆ. ನೀನು ಒಪ್ಪಿದರೆ ಎಲ್ಲರ ಮುಂದೆ, ಇದು ನಾನು ಎಂದು ಹೇಳಿಯೇ ಹಾಡುತ್ತೇನೆ. ಬೇಡವಾದರೆ ಸ್ಲೇಟಿನ ಮೇಲೆ ಬರೆದು ಭಾವನ ಕೈಯಲ್ಲಿ ಫೋಟೊ ಕಳಿಸು, ಎಷ್ಟು ದಪ್ಪ ಅಕ್ಷರದಲ್ಲಾದರೂ ಬೈ, ಓದುತ್ತೇನೆ. ಹಾಡಿದರೆ ಎರಡನೇ ಸಾಲು ಮುಗಿದ ಮೇಲೆ ನಿಲ್ಲಿಸುತ್ತೇನೆ. ಅವಳು ಕೆಮ್ಮುವ ತನಕ ಮೂರನೆಯದು ಶುರು ಮಾಡುವುದಿಲ್ಲ.