ವಾಟಗದಜ್ಜನ ಅಡಿಮಾತು

ತಂಪೋಣಿ, ಕಪ್ಪತಗುಡ್ಡದ ಒಳಗೆ.
ಎರಡನೆಯ ಬೇಸಿಗೆ, ಬಿಸಿಲೇರುವ ಪಕ್ಷ. ನಿಮ್ಮ ಲೆಕ್ಕಕ್ಕೆ ತಿರುಗಿಸಿದರೆ ೨೪೬೮ರ ಫೆಬ್ರವರಿ ಮೂವತ್ತು. ಅಂಥದೊಂದು ದಿನ ನಿಮ್ಮಲ್ಲಿ ಇರಲಿಲ್ಲವಂತೆ. ನಮ್ಮಲ್ಲಿದೆ.

ಹಳೆಯ ಚಿತ್ರಗಳ ಕೆಳಗೆ ತಮಾಷೆಯ ಸಾಲು ಬರೆದು ಒಬ್ಬರಿಗೊಬ್ಬರು ಕಳಿಸಿಕೊಂಡ ನಿಮಗೆಲ್ಲ ಮೇದಿನಿಯ ನಮಸ್ಕಾರಗಳು.

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ಕಾಲೇಜಿನಲ್ಲಿ ಓದಿ ಕಲಿತವಳು ನಾನು. ಕಲಿತದ್ದರಲ್ಲಿ ಅರ್ಧ ಬಾಣಂತನದಲ್ಲಿ ಮರೆತುಹೋಗಿದೆ. ಮೊನ್ನೆ ಉಪ್ಪಿನ ಡಬ್ಬಿಯ ಮುಂದೆ ನಿಂತು, ಇದರೊಳಗಿರುವುದಕ್ಕೆ ಏನೆನ್ನುತ್ತಾರೆ ಎಂದು ಬಹಳ ಹೊತ್ತು ಯೋಚಿಸಿದೆ. ನನ್ನ ಮಗಳು ಮುಗಿಲು ಹುಟ್ಟಿ ಮೂರು ತಿಂಗಳಾಗುತ್ತ ಬಂತು. ಅವಳು ನಿದ್ದೆ ಮಾಡುವುದಿಲ್ಲ ಎಂದು ದೂರುವಂತಿಲ್ಲ, ಮಾಡುತ್ತಾಳೆ. ಅವಳು ಮಲಗಿದಾಗ ಎಚ್ಚರವಾಗಿರುವವಳು ನಾನು. ಅವಳ ಮೂಗಿನ ಮುಂದೆ ಒಂದು ನೂಲಿನ ಎಳೆ ಹಿಡಿದು ಅದು ಅಲುಗುವುದನ್ನು ನೋಡುತ್ತೇನೆ. ಅಲುಗಿದರೆ ಸಮಾಧಾನ. ಮರುಕ್ಷಣವೇ, ಅದು ನನ್ನ ಉಸಿರಿಗೇ ಅಲುಗಿತೇನೋ ಎಂಬ ಭಯ.

ನಮ್ಮ ಬದುಕಿನ ಬಗ್ಗೆ ಸ್ವಲ್ಪ ಹೇಳದೆ ಮುಂದಿನದು ತಿಳಿಯುವುದಿಲ್ಲ. ವರ್ಷಕ್ಕೆ ನಮಗೆ ಎರಡು ಬೇಸಿಗೆ. ಎರಡರಲ್ಲೂ ಹೊರಗಿನ ಮನೆಗಳಿಗೆ ಬೀಗ ಹಾಕಿ, ಗುಡ್ಡ ಕೊರೆದು ಮಾಡಿದ ಓಣಿಗಳಿಗೆ ಇಳಿಯುತ್ತೇವೆ. ಇವಕ್ಕೇ ತಂಪೋಣಿ ಎನ್ನುವುದು. ಬೆಳಕು ಮೇಲಿನಿಂದ ಕನ್ನಡಿಗಳಲ್ಲಿ ಬಡಿದು ಬಡಿದು ಒಳಗೆ ಬರುತ್ತದೆ, ಹಾಗಾಗಿ ಕೊನೆಯ ಮನೆಗೆ ಬೆಳಗಾಗುವುದು ತುಸು ತಡ. ನೀರು ಗುಡ್ಡದ ನೆತ್ತಿಯ ತೇವಬಲೆಗಳಿಂದ ಬರುತ್ತದೆ. ಗಾಳಿಯಲ್ಲಿನ ಪಸೆ ಹಿಡಿದು ಹನಿಯಾಗಿಸುವ ಬಲೆಗಳವು. ನನ್ನ ಗಂಡ ಬಸವಂತನಿಗೆ ಅಲ್ಲಿಯೇ ಕೆಲಸ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಕೆಳಗಿಳಿದರೆ ಹೆಚ್ಚು. ನೀರು ಬಂದು ಬೀಳುವ ಜಾಗ ನೀರುಪಡಸಾಲೆ. ಬೆಳಿಗ್ಗೆ, ಸಂಜೆ ಇಡೀ ಓಣಿ ಕೊಡ ಹಿಡಿದು ಅಲ್ಲಿ ಸಾಲಾಗಿ ನಿಲ್ಲುತ್ತದೆ. ಆ ಸಾಲಿಗೆ ಎದುರಾಗಿ ಗೋಡೆಯ ಮೇಲೆ ನಮ್ಮ ವಾಟಗದಜ್ಜ ಇದ್ದಾನೆ.

ವಾಟಗ ಎಂದರೆ ಲೋಟ. ಅಜ್ಜ ಯಾರೆಂದು ಯಾರಿಗೂ ಗೊತ್ತಿಲ್ಲ. ನಿಮಗೂ ಹಳೆಯದಾಗಿದ್ದ ಚಿತ್ರವಂತೆ. ಕೆಂಪು ಮೂಗು, ಓರೆ ಟೋಪಿ, ಕುತ್ತಿಗೆಯ ಸುತ್ತ ಬಿಳಿ ನೆರಿಗೆಯ ಪಟ್ಟಿ. ನಮ್ಮ ಮಕ್ಕಳು ಅದನ್ನು ಶಾವಿಗೆ ಎನ್ನುತ್ತಾರೆ. ಬಲಗೈಯಲ್ಲಿ ಉದ್ದ ಕಾಲಿನ ಬೆಳ್ಳಿಯ ಬಟ್ಟಲು ಎತ್ತಿ ಹಿಡಿದು ನಗುತ್ತಿದ್ದಾನೆ. ಬಟ್ಟಲು ಖಾಲಿ ಎಂದು ನಮ್ಮವರ ಖಚಿತ ಅಭಿಪ್ರಾಯ. ತುಂಬಿದ್ದನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ಚೆಲ್ಲೀತೆಂಬ ಭಯವಿಲ್ಲದೆ ನಗುತ್ತ ಕೂರುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ.

ಅವನ ಕೆಳಗೊಂದು ಹಲಗೆಯಿದೆ. ಅಜ್ಜ ಏನೆನ್ನುತ್ತಿದ್ದಾನೆ ಎಂದು ದಿನಕ್ಕೊಂದು ಸಾಲು ಇದ್ದಲಿಯಲ್ಲಿ ಬರೆಯಬೇಕು. ಅದೇ ಅಡಿಮಾತು. ಬರೆಯುವ ಹಕ್ಕು ಓಣಿಯಲ್ಲಿ ತೀರ ಇತ್ತೀಚೆಗೆ ಹೆತ್ತವಳದು. ಅವಳಿಗೆ ಎಚ್ಚರದಾಕೆ ಎಂದು ಹೆಸರು. ಹೇಗೂ ಎದ್ದೇ ಇರುತ್ತಾಳೆ, ಏನಾದರೂ ಯೋಚಿಸಲಿ ಎಂದು ಹಿರಿಯರು ಮಾಡಿದ್ದಂತೆ. ಕೂಸು ಬೋರಲು ಬೀಳುವ ತನಕ ಹಲಗೆ ಅವಳದೇ. ಅವಳು ಬರೆದದ್ದರ ಕೆಳಗೆ ಬೇರೆ ಯಾರೂ ಒಂದಕ್ಷರ ಬರೆಯುವಂತಿಲ್ಲ. ನಕ್ಕು ಮುಂದೆ ಹೋಗಬೇಕು, ಅಷ್ಟೆ.

ನನಗಿಂತ ಹಿಂದಿನವರ ಕೆಲವು ಸಾಲುಗಳನ್ನು ಜನ ಇವತ್ತಿಗೂ ಹೇಳುತ್ತಾರೆ. ‘ಭಾಷಣ ಮುಗಿಯೂತನಕ ಕೈ ಇಳಸಬ್ಯಾಡ ಅಂದಿದ್ರು. ಭಾಷಣದವರು ಊರಿಗೆ ಹೋಗಿ ವರ್ಷ ಆತು.’ ಇನ್ನೊಂದು: ‘ಬೀಗರು ಇನ್ನೊಂದೀಟು ಹಾಕ್ಲೇನು ಅಂದ್ರು. ಬ್ಯಾಡ ಅಂದೆ. ಖರೇನ ಅಂತ ತಿಳಕೊಂಡ್ರು.’ ಇದನ್ನು ಬರೆದವಳು ಕಸ್ತೂರಿ, ನಮ್ಮ ಎದುರು ಮನೆಯವಳು. ಅಷ್ಟು ಚೆನ್ನಾಗಿ ಬರೆಯುತ್ತಿದ್ದವಳ ಹಲಗೆ ಹೋದ ವರ್ಷ ನಡುವಿನಲ್ಲೇ ಬೇರೆಯವಳ ಕೈಗೆ ಹೋಯಿತು. ಯಾಕೆಂದು ನಾನು ಕೇಳಲಿಲ್ಲ. ನಗಿಸಲಾರದೆ ಹೋದಳು, ಕಸಿದುಕೊಂಡರು ಎಂದು ನಾನೇ ತೀರ್ಮಾನಿಸಿದೆ. ನನ್ನ ಸರದಿ ಬಂದಾಗ ಆ ತೀರ್ಮಾನ ನನ್ನನ್ನೇ ಹಿಡಿಯಿತು. ಒಂದು ನಗೆಯ ಸಾಲು ಹುಟ್ಟಿಸಲಾರದವಳು ಒಂದು ಕೂಸನ್ನು ಹೇಗೆ ಸಾಕಿಯಾಳು ಎಂದು ಜನ ಕೇಳುತ್ತಾರೆ ಅನ್ನಿಸಿತು. ಜನ ಕೇಳದಿದ್ದರೆ ನಾನೇ ಕೇಳಿಕೊಳ್ಳುತ್ತಿದ್ದೆ.

ಮೊದಲ ವಾರಗಳಲ್ಲಿ ತೊಂದರೆಯಾಗಲಿಲ್ಲ. ‘ಕೂಸು ಮಲಗೈತಿ. ನುಂಗಿದ್ರ ಗುಟುಕ್ ಅಂತೈತಿ ಅಂತ ಹಂಗ ಹಿಡಕೊಂಡು ಕುಂತೇನಿ’ ಎಂದು ಬರೆದ ದಿನ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಪಕ್ಕದ ಶಾಲೆಯಲ್ಲಿ ಗಣಿತ ಕಲಿಸುವ ದ್ಯಾಮಕ್ಕ ಕೊಡ ಕೆಳಗಿಟ್ಟು ನಕ್ಕಳು.

“ಯವ್ವಾ, ನಮ್ಮನಿಯವ್ರು ಇಪ್ಪತ್ತು ವರ್ಷದಿಂದ ಗೊರಕಿ ಹೊಡಿತಾರ. ಅವರಿಗೆ ಈ ಅಜ್ಜನ ಬುದ್ಧಿ ಕೊಡಬಾರದಾ ದೇವ್ರು?” ಎಂದಳು.

“ಗೊರಕಿ ಹೊಡ್ಯಾಂವ ನಾನೋ ನೀನೋ, ಓಣಿ ಹೇಳಲಿ,” ಎಂದು ಅವಳ ಗಂಡ ಸಾಲಿನ ಹಿಂದಿನಿಂದ ಕೂಗಿದ. ಓಣಿ ಹೇಳಿತು. ಅವಳೇ ಎಂದಿತು.

ಆಮೇಲೆ ನಿದ್ದೆ ಕಡಿಮೆಯಾದಷ್ಟೂ ನನ್ನ ಸಾಲುಗಳು ಇನ್ನಷ್ಟು ಹುರುಪಿನವಾದವು. ‘ನಿದ್ದಿ ಕಷಾಯ ಕುಡದಾನ ಅಂತ ಮನ್ಯಾಗ ಹೇಳ್ರಿ. ಗಿಡಕ್ಕ ಹಾಕೇನಿ. ಗಿಡ ಮಲಗೈತಿ.’ ಮರುದಿನವೂ ನಿದ್ದೆಯದೇ, ಅದರ ಮರುದಿನವೂ. ಬರೆಯುತ್ತಿದ್ದ ನನಗೇ ಅದು ಗೊತ್ತಾಗಲಿಲ್ಲ. “ಏನವಾ ಮೇದಿನಿ, ಆರಾಮ ಅದಿಯಿಲ್ಲ?” ಎಂದು ದ್ಯಾಮಕ್ಕ ಕೇಳಿದರೆ, “ಆರಾಮ ಅದೇನ್ರಿ ಅಕ್ಕಾ, ನನಗೇನಾಗೇತಿ” ಎಂದು ನಗುತ್ತಿದ್ದೆ. ಕೂಸನ್ನು ಎತ್ತಿಕೊಳ್ಳಲು ಯಾರಾದರೂ ಕೈ ಚಾಚಿದರೆ, ಈಗಷ್ಟೇ ಹಾಲು ಕುಡಿದಿದ್ದಾಳೆ ಎಂದು ಹಿಂದೆ ಸರಿಯುತ್ತಿದ್ದೆ. ಅವರ ಕೈಯಲ್ಲಿ ಅವಳು ಉಸಿರು ನಿಲ್ಲಿಸಿದರೆ ಗಮನಿಸುವವರು ಯಾರು?

ಕಳೆದ ವಾರ ಒಂದು ಬೆಳಿಗ್ಗೆ ಪಡಸಾಲೆಗೆ ಎಲ್ಲರಿಗಿಂತ ಮೊದಲು ಬಂದೆ. ಮುಗಿಲು ಎಡತೋಳಿನಲ್ಲಿ, ಇದ್ದಲು ಬಲಗೈಯಲ್ಲಿ. ಅಜ್ಜನ ಮುಖ ನೋಡಿದೆ. ಏನೂ ಹೊಳೆಯಲಿಲ್ಲ. ಅವನ ಎತ್ತಿದ ಕೈಯನ್ನೇ ನೋಡುತ್ತ ನಿಂತೆ. ಜಾರುತ್ತಿದ್ದ ಮುಗಿಲನ್ನು ಮತ್ತೆ ಮೇಲೆತ್ತಿಕೊಂಡೆ. ಕೊನೆಗೆ ಬರೆದದ್ದು ಇಷ್ಟು:

‘ಯಾರರ ಇದನ್ನ ಒಂದ್ ಗಳಿಗಿ ಹಿಡಕೊಳ್ರಿ.’

ಬರೆದು, ಗೋಡೆಗೆ ಒರಗಿ ಕುಳಿತೆ. ಜನ ಬಂದರು. ಮೊದಲು ಬಂದವರು ಓದಿ ನಕ್ಕರು, ಅಜ್ಜನ ಕೈ ಸೋತಿದೆ ಎಂದು. ದ್ಯಾಮಕ್ಕ ಓದಿದಳು, ನಗಲಿಲ್ಲ. ಕಸ್ತೂರಿಯನ್ನು ಕರೆತರಲು ಗಂಡನನ್ನು ಕಳಿಸಿದಳು. ಹಲಗೆ ಹೋಯಿತು ಎಂದುಕೊಂಡೆ. ಕಸ್ತೂರಿ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಾಗ, ನನಗೆ ಅಳು ಬಂತು.

“ಹಲಗಿ ಕಸಗೋಬ್ಯಾಡ್ರಿ. ನಾಳೆ ಚಲೋದು ಬರೀತೇನಿ,” ಎಂದೆ.

“ಯಾರ್ ಕಸಗೋತಾರ ಹುಚ್ಚಿ? ನನ್ನ ಕಡೆಯಿಂದ ಯಾರೂ ಕಸಗೊಂಡಿಲ್ಲ. ನಾನ ಬಿಟ್ಟು ಮಲಗಾಕ ಹೋದೆ. ಹಲಗಿ ಇಟ್ಟಿದ್ದ ಅದಕ್ಕ. ಎಚ್ಚರದಾಕಿ ತನ್ನ ಕಷ್ಟ ಬಾಯಿಬಿಟ್ಟು ಹೇಳಂಗಿಲ್ಲ ಅಂತ ಅಜ್ಜನ ಬಾಯಿಲೆ ಕೇಳೂದು,” ಎಂದಳು ಕಸ್ತೂರಿ.

“ನಿದ್ದಿ ನಿದ್ದಿ ಅಂತ ವಾರದಿಂದ ಬರಿಯಾಕತ್ತಿದ್ದಿ. ನಾನೂ ಬರೇ ನಕ್ಕೊಂತ ನಿಂತೆ. ತಪ್ಪು ನಂದವಾ,” ಎಂದಳು ದ್ಯಾಮಕ್ಕ.

“ಆಕಿ ಉಸಿರಾಡೂದು ನೋಡಬೇಕ್ರಿ,” ಎಂದೆ.

“ನೋಡ್ತೇವಿ. ಇಷ್ಟು ಮಂದಿ ನಿಂತೇವಿ, ಕೊಡ ತುಂಬೂದು ಬಿಟ್ರ ಕಣ್ಣಿಗೇನು ಕೆಲಸ ಐತಿ?” ಎಂದಳು ದ್ಯಾಮಕ್ಕ.

ಕೊಟ್ಟೆ. ಹೇಗೆ ಕೊಟ್ಟೆನೋ ತಿಳಿಯದು. ಕಸ್ತೂರಿಯ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ಮಾತ್ರ ನೆನಪಿದೆ.

ಎದ್ದಾಗ ಎದೆ ಒದ್ದೆಯಾಗಿತ್ತು, ಸುತ್ತ ಸದ್ದಿರಲಿಲ್ಲ. ಸೆರಗು ಸರಿ ಮಾಡಿಕೊಳ್ಳದೆ ಪಡಸಾಲೆಗೆ ಓಡಿದೆ. ಸಂಜೆಯ ನೀರಿನ ಸಾಲು ನಿಂತಿತ್ತು. ಸಾಲು ಮುಂದಕ್ಕೆ ಸರಿಯುತ್ತಿತ್ತು, ಮುಗಿಲು ಹಿಂದಕ್ಕೆ ಬರುತ್ತಿದ್ದಳು. ಒಬ್ಬೊಬ್ಬರೂ ತಮ್ಮ ಕೊಡ ಕೆಳಗಿಟ್ಟು, ಅವಳನ್ನು ಎತ್ತಿಕೊಂಡು, ಮೂಗಿನ ಹತ್ತಿರ ಕಿವಿಯಿಟ್ಟು ಉಸಿರು ಕೇಳಿ, ತಲೆಯಾಡಿಸಿ ಹಿಂದಿನವರಿಗೆ ಕೊಡುತ್ತಿದ್ದರು. ದ್ಯಾಮಕ್ಕನ ಗಂಡ ಎರಡು ಸಲ ಕಿವಿಯಿಟ್ಟು ಕೇಳಿದ. ಅವಳು ಹಸಿದಾಗ ಕಸ್ತೂರಿ ಹಾಲು ಕುಡಿಸಿದ್ದಳಂತೆ. ಹಲಗೆಯ ಮೇಲೆ ನನ್ನ ಸಾಲು ಹಾಗೇ ಇತ್ತು. ಅದರ ಕೆಳಗೆ, ಯಾರೂ ಬರೆಯಬಾರದ ಜಾಗದಲ್ಲಿ, ಬೇರೆ ಬೇರೆ ಕೈಗಳ ಅಕ್ಷರಗಳಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಮಾತು: ‘ತಾರವಾ ಇಲ್ಲಿ.’

ಆ ದಿನದಿಂದ ನನಗೆ ನಿಮ್ಮದೇ ಯೋಚನೆ. ನಿಮ್ಮ ಅಡಿಮಾತುಗಳನ್ನು ಕಾಲೇಜಿನಲ್ಲಿ ನಾವು ವರ್ಷವಿಡೀ ಓದಿದ್ದೆವು. ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಕಳಿಸಿದ ಹೊತ್ತು ನಮೂದಾಗಿತ್ತು, ಹೆಚ್ಚಿನವು ಜಗತ್ತು ಮಲಗುವ ಹೊತ್ತಿನವು. ನೀವು ನಗೆಗಾಗಿ ನಿದ್ದೆಗೆಟ್ಟ ಖುಷಿಯ ಜನ ಎಂದು ನಮ್ಮ ಗುರುಗಳು ಹೇಳಿದರು, ನಾನು ಪರೀಕ್ಷೆಯಲ್ಲಿ ಹಾಗೇ ಬರೆದು ಒಳ್ಳೆಯ ಅಂಕ ಪಡೆದೆ. ಆ ಉತ್ತರವನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ.

ನನ್ನದೊಂದು ಬೇಡಿಕೆ. ನಿಮ್ಮವರು ಯಾರಾದರೂ ಹೊತ್ತಲ್ಲದ ಹೊತ್ತಿನಲ್ಲಿ ಒಂದು ನಗೆಯ ಸಾಲು ಕಳಿಸಿದರೆ, ಮೊದಲು ಚೆನ್ನಾಗಿ ನಕ್ಕುಬಿಡಿ, ಪಾಪ, ಕಷ್ಟಪಟ್ಟು ಬರೆದಿರುತ್ತಾರೆ. ಆಮೇಲೆ ಬೆಳಗಾದ ಕೂಡಲೇ ಅವರ ಮನೆಗೆ ಹೋಗಿ. ಆರಾಮ ಇದ್ದೇನೆ ಎಂದರೆ ನಂಬಬೇಡಿ. ಒಳಗೆ ಹೋಗಿ ಕೂಸನ್ನು ಎತ್ತಿಕೊಳ್ಳಿ, ಕೂಸಿಲ್ಲದಿದ್ದರೆ ಪಾತ್ರೆಯನ್ನಾದರೂ ತೊಳೆಯಿರಿ.

ಕೊನೆಯದಾಗಿ ಒಂದು. ಬಟ್ಟಲು ಹಿಡಿದ ಇಂಥದೇ ಒಬ್ಬ ಅಜ್ಜನ ಚಿತ್ರದ ಕೆಳಗೆ ನಿಮ್ಮಲ್ಲೊಬ್ಬರು ಬರೆದ ಸಾಲು ನಮಗೆ ಸಿಕ್ಕಿದೆ, ಹೆಸರಿಲ್ಲ. ‘ಇನ್ನೂ ಯಾರಾದರೂ ಎಚ್ಚರ ಇದ್ದೀರಾ?’ ಎಂದಷ್ಟೇ ಇದೆ. ಇದರಲ್ಲಿ ಹಾಸ್ಯವಿಲ್ಲ ಎಂದು ನಮ್ಮ ಪಠ್ಯದಲ್ಲಿ ಟಿಪ್ಪಣಿಯಿತ್ತು. ಅದನ್ನು ಬರೆದವರು ನೀವಾಗಿದ್ದರೆ, ಉತ್ತರ ಬಹಳ ತಡವಾಯಿತು. ಹೂಂ, ನಾನಿದ್ದೇನೆ. ನೀವಿನ್ನು ಮಲಗಿ.

ಮೇದಿನಿ