ನಿಂತ ಕಾರಿಗೆ ಕುರಿ ತಾಗಿದ್ದಕ್ಕೆ ದಂಡ

ಸೋಲಾಪುರದ ಮೋಟಾರು ವಿಮಾ ಕಚೇರಿಯ ಮಾನ್ಯ ಮ್ಯಾನೇಜರ್ ಸಾಹೇಬರೇ,

ಬೋರಾಮಣಿಯ ಪೀರಪ್ಪನ ಬಾಡಿಗೆ ಕಾರು ಇದುವರೆಗೆ ಯಾರಿಗೂ ಡಿಕ್ಕಿ ಹೊಡೆದಿಲ್ಲ. ಮನುಷ್ಯನಿಗಿಲ್ಲ, ಮರಕ್ಕಿಲ್ಲ, ನಾಯಿಯ ಬಾಲಕ್ಕೂ ಇಲ್ಲ. ಆದರೂ ಅದರ ವಿಮೆಯ ಕಂತನ್ನು ನೀವು ಹೋದ ವರ್ಷ ಏರಿಸಿದಿರಿ, ಈ ವರ್ಷ ಮತ್ತೆ ಏರಿಸಿದ್ದೀರಿ. ಹೋದ ವರ್ಷ ಏರಿಸಿದ್ದು ಕಾರಿಗೆ ಕುರಿಗಳು ಮೈ ತಿಕ್ಕಿದವೆಂದು. ಈ ವರ್ಷ ಏರಿಸಿದ್ದು ಕುರಿಗಳು ಮೈ ತಿಕ್ಕಲಿಲ್ಲವೆಂದು. ಈ ಎರಡೂ ಕಾರಣಗಳನ್ನು ನೀವೇ, ಅದೇ ಕುರ್ಚಿಯ ಮುಂದೆ ನಿಂತು, ಅದೇ ಬಾಯಿಂದ ನನ್ನೆದುರು ಹೇಳಿದ್ದೀರಿ. ತಿಂಗಳ ಕೊನೆಗೆ ವಿಮೆ ಮುಗಿಯುತ್ತದೆ. ವಿಮೆಯಿಲ್ಲದ ಗಾಡಿಯನ್ನು ಪೊಲೀಸರು ರಸ್ತೆಗೆ ಬಿಡುವುದಿಲ್ಲ. ನೀವು ಕೇಳುವಷ್ಟು ಕಟ್ಟಲು ಪೀರಪ್ಪನಿಂದ ಆಗುವುದಿಲ್ಲ. ಹಳೆ ಕಬ್ಬಿಣದ ವ್ಯಾಪಾರಿಯೊಬ್ಬ ಆಗಲೇ ಬಂದು, ಕಲ್ಲಂಗಡಿ ಹಣ್ಣು ತಟ್ಟಿ ನೋಡಿದ ಹಾಗೆ ಕಾರಿನ ಮೈ ತಟ್ಟಿ ನೋಡಿ ಹೋಗಿದ್ದಾನೆ. ಅದಕ್ಕೇ ಈ ಪತ್ರ, ಅದೂ ಊರೆಲ್ಲ ಓದಲಿ ಎಂದು.

ನಾನು ಯಾರೆಂದು ನಿಮಗೆ ಗೊತ್ತು, ಓದುಗರಿಗೆ ಹೇಳುತ್ತೇನೆ. ಸೋಲಾಪುರ–ಅಕ್ಕಲಕೋಟೆ ದಾರಿಯ ಕಾರು ಚಾಲಕರ ಸಂಘಕ್ಕೆ ನಾನು ಕಾರ್ಯದರ್ಶಿ. ನನಗೆ ಕಾರೂ ಇಲ್ಲ, ಓಡಿಸಲೂ ಬರುವುದಿಲ್ಲ. ಬ್ರಿಟಿಷರ ಜೈಲಿನಲ್ಲಿದ್ದಾಗ ಇಂಗ್ಲಿಷು ಕಲಿತೆ. ಬ್ರಿಟಿಷರು ಹೋದರೂ ನಿಮ್ಮ ಕಾಗದಗಳು ಅದೇ ಭಾಷೆಯಲ್ಲಿ ಬರುತ್ತಿರುವುದರಿಂದ ಚಾಲಕರು ನನ್ನನ್ನು ಹಿಡಿದು ಕೂರಿಸಿದ್ದಾರೆ. ಒಂದು ಮಾತು ಹೇಳಲೇಬೇಕು. ನಮ್ಮನ್ನು ಜೈಲಿಗೆ ಹಾಕಿದವರು ಸುಳ್ಳು ಕಾರಣ ಕೊಡುತ್ತಿದ್ದರು, ನಿಜ. ಆದರೆ ಕೊನೆಯವರೆಗೂ ಒಂದೇ ಸುಳ್ಳನ್ನು ಹಿಡಿದು ನಿಲ್ಲುವಷ್ಟು ಮರ್ಯಾದೆ ಅವರಿಗಿತ್ತು.

ಈಗ ಕುರಿಗಳ ವಿಷಯ. ಪೀರಪ್ಪ ಯುದ್ಧಕಾಲದಲ್ಲಿ ಬರ್ಮಾದ ಕಡೆ ಮಿಲಿಟರಿ ಲಾರಿ ಓಡಿಸಿದವನು. ಅವನ ಮನೆತನದ ಉಳಿದವರೆಲ್ಲ ಕುರಿ ಸಾಕುವವರು, ಕುರಿಗಾಹಿಗಳ ದೇವರಾದ ಬೀರೋಬನ ಒಕ್ಕಲು. ಅವರಲ್ಲಿ ಒಂದು ಪದ್ಧತಿಯಿದೆ. ಮನೆಗೆ ಹೊಸದಾಗಿ ಏನೇ ಬರಲಿ, ಸೊಸೆಯಾಗಲಿ, ನಾಯಿಮರಿಯಾಗಲಿ, ಬಂಡಿಯಾಗಲಿ, ಅದನ್ನು ಬಯಲಿನಲ್ಲಿ ನಿಲ್ಲಿಸಿ ಇಡೀ ಹಿಂಡನ್ನು ಎರಡೂ ಮಗ್ಗುಲಿಂದ ಹಾಯಿಸುತ್ತಾರೆ. ಕುರಿಗಳು ಮೈ ತಿಕ್ಕಿಕೊಂಡು ಹೋಗುತ್ತವೆ. ಮನೆಯ ಹಿರಿಯಳು ಮೇಲಿಂದ ಭಂಡಾರ, ಅಂದರೆ ಅರಿಶಿನದ ಪುಡಿ, ತೂರುತ್ತಾಳೆ. ಅಲ್ಲಿಗೆ ಅದು ಹಿಂಡಿಗೆ ಸೇರಿತು. ಮುಂದೆ ಕಾಯುವ ಹೊಣೆ ಬೀರೋಬನದು. ಸೊಸೆಗೆ ಒಂದು ಸಲ ಸಾಕು. ಚಕ್ರವಿರುವ ವಸ್ತು ಎಲ್ಲೆಲ್ಲೋ ತಿರುಗಿ ಬರುವುದರಿಂದ ಅದಕ್ಕೆ ವರ್ಷ ವರ್ಷವೂ ಆಗಬೇಕು.

ಕಾರಿನ ಸ್ಥಿತಿಗತಿ ನೋಡಲು ನಿಮ್ಮ ಇನ್‌ಸ್ಪೆಕ್ಟರು ಹೋದ ವರ್ಷ ಬೋರಾಮಣಿಗೆ ಬಂದದ್ದು ಸರಿಯಾಗಿ ಆ ಪದ್ಧತಿಯ ದಿನವೇ. ನನ್ನನ್ನೂ ಊಟಕ್ಕೆ ಕರೆದಿದ್ದರು, ಆದ್ದರಿಂದ ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ. ಹಳದಿ ಧೂಳಿನ ಮೋಡ, ಮೋಡದೊಳಗೆ ಹಳೆಯ ಫೋರ್ಡ್ ಕಾರು, ಅದರ ಸುತ್ತ ಕುರಿಗಳ ಹೊಳೆ. ಅದರ ದಂಡೆಯಲ್ಲಿ ಬಿಳಿ ಪ್ಯಾಂಟಿನ ಇನ್‌ಸ್ಪೆಕ್ಟರು.

"ಅರೇ, ಹೇ ಕಾಯ್ ಆಹೇ?" ಎಂದು ಮರಾಠಿಯಲ್ಲಿ ಕೂಗಿದರು, ಇದೇನಿದು ಎಂದು.

ಪೀರಪ್ಪನ ತಾಯಿ ರೇವಮ್ಮ ಭಂಡಾರದ ಬುಟ್ಟಿ ಹಿಡಿದುಕೊಂಡೇ ಅಂದಳು: "ಗಾಡಿನ್ನ ಹಿಂಡಿಗಿ ಕೂಡಸಾಕತ್ತೀವ್ರಿ ಸಾಹೇಬ್ರ. ಬರ್ರಿ, ನೀವೂ ನಡುವ ನಿಂದರ್ರಿ. ನಿಮ್ಮನ್ನೂ ಕೂಡಸ್ತೀವಿ. ಪುಕಟ ಐತಿ."

ಸಾಹೇಬರು ಹಿಂದೆ ಸರಿದರು. ಅಷ್ಟರಲ್ಲಿ ಒಂದು ಟಗರು ಅವರ ಬಿಳಿ ಪ್ಯಾಂಟಿಗೆ ಮೈ ತಿಕ್ಕಿಯೇ ಹೋಯಿತು. ಇನ್ನೊಂದು, ಕಾರಿನ ಬಂಪರಿನಲ್ಲಿ ತನ್ನದೇ ಮುಖ ಕಂಡು, ಅದಕ್ಕೊಂದು ಗುದ್ದು ಕೊಟ್ಟಿತು.

"ಆಕ್ಸಿಡೆಂಟ್ ಆತಲ್ಲ ಇದು!" ಎಂದರು ಇನ್‌ಸ್ಪೆಕ್ಟರು, ಗಾಬರಿಯಲ್ಲಿ ಕನ್ನಡಕ್ಕೆ ಬಂದು.

"ಎಲ್ಲೀ ಆಕ್ಸಿಡೆಂಟ್‌ರಿ?" ಪೀರಪ್ಪನೆಂದ. "ಗಾಡಿ ನಿಂತೈತಿ. ಇಂಜಿನ್ ಬಂದ್ ಐತಿ. ಕೀಲಿ ನಮ್ಮವ್ವನ ಸೆರಗಿನ್ಯಾಗ ಐತಿ."

"ನಿಂತಾಗನ ಇಷ್ಟು ಬಡದ್ರ, ಓಡೂ ಮುಂದ ಎಷ್ಟು ಬಡೀಬೇಕು?" ಎಂದು ಹೇಳಿ ಅವರು ಹೊರಟೇಬಿಟ್ಟರು. ಹೋಳಿಗೆ ಊಟವನ್ನೂ ಮಾಡಲಿಲ್ಲ. ಅದೊಂದೇ ಅವರು ಆ ದಿನ ಅನುಭವಿಸಿದ ನಷ್ಟ.

ಮಾನ್ಯರೇ, ಮುಟ್ಟಿದರೆ ಮೈಲಿಗೆ ಎನ್ನುವುದನ್ನು ಈ ದೇಶದ ಸಂವಿಧಾನ ತೆಗೆದುಹಾಕಿದೆ. ಮನುಷ್ಯರಲ್ಲೇ ಅದು ಇನ್ನೂ ಪೂರ್ತಿ ಹೋಗಿಲ್ಲವೆಂಬುದು ನಮಗೆ ಗೊತ್ತಿರುವ ನಾಚಿಕೆ. ನೀವು ಅದನ್ನು ಕುರಿಗೂ ಕಾರಿಗೂ ನಡುವೆ ಹೊಸದಾಗಿ ಜಾರಿಗೆ ತಂದಿರಾ? ಇಲ್ಲಿನ ಗುಡಿಯೊಳಗೆ ಯಾರು ಹೋಗಬಹುದೆಂದು ನಾವು ಹೊಡೆದಾಡುತ್ತಿರುವಾಗ, ಬಂಪರಿಗೆ ಯಾರು ಮೈ ತಿಕ್ಕಬಹುದೆಂದು ತೀರ್ಪು ಕೊಡಲು ನಿಮಗೆ ಯಾವ ಪೀಠದಿಂದ ಅಧಿಕಾರ ಬಂತು?

ಇದನ್ನೇ ಕೇಳಲು ಪೀರಪ್ಪನನ್ನು ಕರೆದುಕೊಂಡು ನಿಮ್ಮ ಬಳಿ ಬಂದೆ. ನೀವು ಕುರ್ಚಿಯಲ್ಲಿ ಕೂತಿರುವವರೆಗೆ ಮರಾಠಿ, ಎದ್ದು ನಿಂತರೆ ಕನ್ನಡ. ಮನೆಯಲ್ಲಿ ನಿಮ್ಮನ್ನು ಊಟಕ್ಕೆ ಕರೆಯುವುದು ಯಾವ ಭಾಷೆಯಲ್ಲೆಂದು ನನಗೆ ಗೊತ್ತು, ಹಾಗಾಗಿ ನಾನು ಕನ್ನಡದಲ್ಲೇ ಮಾತಾಡಿದೆ. ನೀವು ನಮ್ಮನ್ನು ಸಾಗಹಾಕಲು ಎದ್ದು ನಿಂತಿರಿ, ಆದ್ದರಿಂದ ಕನ್ನಡದಲ್ಲೇ ಉತ್ತರ ಕೊಟ್ಟಿರಿ: "ಆ ಪದ್ಧತಿ ಬಿಡಸ್ರಿ. ಮುಂದಿನ ವರ್ಷ ನೋಡೂಣಂತ." ಪೀರಪ್ಪ ಹೇಗೋ ಹೊಂದಿಸಿ ಕಟ್ಟಿದ. ನಿಮ್ಮ ಮಾತು ನಂಬಿ ಪದ್ಧತಿಯನ್ನೂ ಬಿಟ್ಟ.

ಬಿಟ್ಟದ್ದರ ಫಲ ಕೇಳಿ. ಈ ವರ್ಷ ಆ ದಿನ ಬಂತು, ಹೋಯಿತು, ಹಿಂಡು ಕಾರಿನ ಹತ್ತಿರ ಸುಳಿಯಲಿಲ್ಲ. ಮರುದಿನ ಸಂತೆಗೆ ಹೊರಡುವಾಗ ರೇವಮ್ಮ ಕಾರು ಹತ್ತಲು ಒಪ್ಪಲಿಲ್ಲ.

"ಹಿಂಡು ಬಿಟ್ಟ ಗಾಡಿಗಿ ನಾ ಹತ್ತಂಗಿಲ್ಲೋ ಪೀರ್ಯಾ. ನೀ ನಡಿ, ನಾ ನಡಕೋತ ಬರ್ತೀನಿ."

"ಯವ್ವಾ, ಮಂದಿ ನಗತಾರ."

"ನಗವಲ್ರ್ಯಾಕ. ನಿನಗ ವಿಮಾ ಸಾಹೇಬ ಅದಾನ, ನನಗ ಬೀರೋಬ ಅದಾನ. ಯಾರ ಮೊದಲ ಸೋಲಾಪುರ ಮುಟ್ತಾರ ನೋಡೂಣಂತ."

ತಾಯಿಯನ್ನು ರಸ್ತೆಯಲ್ಲಿ ಬಿಟ್ಟು ಮುಂದೆ ಹೋಗುವುದು ಮಗನಿಂದಾಗಲಿಲ್ಲ. ಅವಳು ಮುಂದೆ, ಕಾರು ಹಿಂದೆ, ನಡಿಗೆಯ ವೇಗದಲ್ಲಿ. ಬಾಡಿಗೆ ಕೊಟ್ಟು ಒಳಗೆ ಕೂತವರಲ್ಲಿ ನಾನೂ ಒಬ್ಬ. ಎತ್ತಿನ ಬಂಡಿಗಳು ನಮ್ಮನ್ನು ದಾಟಿ ಹೋದವು. ಬಂಡಿಯವನೊಬ್ಬ ಹಿಂತಿರುಗಿ, "ಏನೋ ಪೀರಪ್ಪಾ, ಗಾಡಿ ಮೇಸಾಕ ಹೊಂಟೀಯೇನು?" ಎಂದ. ಇಂಜಿನ್ನು ಕುದಿಯುವುದು, ರೇವಮ್ಮ ನಿಂತು ನೋಡಿ "ದಣೀತೇನೋ?" ಎನ್ನುವುದು, ಪೀರಪ್ಪ ಹಲ್ಲು ಕಚ್ಚಿ ನೀರು ಹೊಯ್ಯುವುದು. ಸೋಲಾಪುರದ ನಾಕಾದಲ್ಲಿ ಪೊಲೀಸಿನವನು ನಮ್ಮನ್ನು ತಡೆದು, ಮೆರವಣಿಗೆಗೆ ಪರವಾನಗಿ ಇದೆಯೇ ಎಂದು ಕೇಳಿದ. ಎಷ್ಟೋ ಮೆರವಣಿಗೆಗಳಲ್ಲಿ ನಡೆದು ಲಾಠಿ ತಿಂದವನು ನಾನು. ಕೂತುಕೊಂಡು ಭಾಗವಹಿಸಿದ್ದು ಅದೊಂದರಲ್ಲೇ.

ಇಷ್ಟಾದ ಮೇಲೆ ನಿಮ್ಮ ಕಾಗದ ಬಂತು: ಕಂತು ಮತ್ತೆ ಏರಿದೆ. ಮತ್ತೆ ನಿಮ್ಮೆದುರು ನಿಂತೆವು. ನೀವು ಎದ್ದು ನಿಂತು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ: "ಹ್ವಾದ ವರ್ಷ ಈ ಗಾಡಿಗೆ ಏನೋ ಒಂದು ರಕ್ಷಣಾ ವ್ಯವಸ್ಥಾ ಇತ್ತು. ಈ ವರ್ಷ ಅದನ್ನ ತಗದ್ಬಿಟ್ಟಾರ. ಅಂದಮ್ಯಾಲೆ ಧೋಕಾ ಹೆಚ್ಚಾತಲ್ಲ?" ಓದುಗರಿಗೆ ಹೇಳುತ್ತೇನೆ, ಮರಾಠಿಯಲ್ಲಿ ಧೋಕಾ ಎಂದರೆ ಅಪಾಯ.

ನಾನು ಸಿಟ್ಟು ನುಂಗಿಕೊಂಡು, ಒಂದಾದರೂ ಅಪಘಾತವಾಗಿದೆಯೇ ಎಂದು ಕೇಳಿದೆ. "ಅದೂ ಒಂದು ಅಡಚಣೀನ ನೋಡ್ರಿ," ಎಂದಿರಿ. "ಎಲ್ಲಾ ಗಾಡಿಗೂ ಒಂದಿಲ್ಲೊಂದು ದಿನ ಆಗೇ ಆಗ್ತದ. ಇವರದು ಇನ್ನೂ ಆಗಿಲ್ಲ. ಅಂದ್ರ, ಆಗೂದು ಬಾಕಿ ಅದ."

ಪೀರಪ್ಪ ಕಿಟಕಿಯಿಂದ ಹೊರಗೆ ನೋಡಿ, ಬಹಳ ವಿನಯದಿಂದ ಕೇಳಿದ: "ಹಂಗಾದ್ರ ಸಾಹೇಬ್ರ, ಈಗ ಹೋಗಿ ಒಂದು ಸಣ್ಣಂದು ಮಾಡ್ಕೊಂಡು ಬರ್ಲೇನ್ರಿ? ನಿಮ್ಮ ಸೈಕಲ್ಲು ಬಾಗಲದಾಗನ ನಿಂತೈತಿ."

"ಮಾಡಿದ್ರ ಮತ್ತ ಏರ್ತದ," ಎಂದು ನೀವು ಕೂತಿರಿ, ಮತ್ತು ಮರಾಠಿಗೆ ಹೋದಿರಿ.

ಸಾಹೇಬರೇ, ಡಿಕ್ಕಿ ಹೊಡೆದರೆ ಏರುತ್ತದೆ. ಹೊಡೆಯದಿದ್ದರೆ, ಹೊಡೆಯುವುದು ಬಾಕಿಯಿದೆಯೆಂದು ಏರುತ್ತದೆ. ದೇವರು ಕಾದರೂ ಏರುತ್ತದೆ, ಕಾಯದಿದ್ದರೂ ಏರುತ್ತದೆ. ಅಕ್ಕಲಕೋಟೆಯ ಚಾಲಕ ಸಿದ್ದರಾಮಪ್ಪ, ವರ್ಷವಿಡೀ ಗಾಡಿಯನ್ನು ತಗಡಿನ ಚಪ್ಪರದಡಿಯೇ ನಿಲ್ಲಿಸುತ್ತೇನೆ, ಆಗ ಎಷ್ಟು ಇಳಿಸುತ್ತೀರಿ ಎಂದು ಕೇಳಿದ್ದಕ್ಕೆ, ಚಪ್ಪರ ಬೀಳಬಹುದಲ್ಲ ಎಂದು ನಿಮ್ಮ ಗುಮಾಸ್ತರು ಹೇಳಿದರಂತೆ. ಹಾಗಾದರೆ ಒಂದು ಗಾಡಿ ಈ ಭೂಮಿಯ ಮೇಲೆ ಹೇಗಿದ್ದರೆ ನಿಮ್ಮ ಕಂತು ಇಳಿಯುತ್ತದೆ? ಹಳೆ ಕಬ್ಬಿಣವಾದರೆ ಮಾತ್ರ ತಾನೆ? ಬೋರಾಮಣಿಯಲ್ಲಿ ಹೆರಿಗೆ ನೋವು ತಿನ್ನುವವಳನ್ನು ಸೋಲಾಪುರದ ಆಸ್ಪತ್ರೆಗೆ ಮುಟ್ಟಿಸಲು ಇರುವುದು ಈ ಒಂದು ಕಾರು. ಗುರುವಾರ ಅಕ್ಕಲಕೋಟೆಯ ಸ್ವಾಮಿಗಳಿಗೆ ನಡೆದುಕೊಳ್ಳುವ ಮುದುಕರಿಗೆ ಇರುವುದೂ ಇದೇ. ಮುಂದಿನ ತಿಂಗಳು ನೋವು ಶುರುವಾದವಳಿಗೆ ನಾವು ಏನು ಹೇಳೋಣ? ಸ್ವಲ್ಪ ತಡಿಯವ್ವಾ, ಸಾಹೇಬರು ಅಪಾಯದ ವಿಚಾರ ಮಾಡುತ್ತಿದ್ದಾರೆ ಎಂದೇ?

ನಮ್ಮ ಬೇಡಿಕೆ ಇಷ್ಟೇ. ಪೀರಪ್ಪನ ಕಾರಿಗೆ ಕುರಿಯ ಮಾತು ಬರುವ ಮೊದಲಿದ್ದ ದರವೇ ಆಗಬೇಕು. ಕುರಿ ಮೈ ತಿಕ್ಕಿದರೆ ಅದು ಅಪಘಾತವಲ್ಲವೆಂದು ನೀವು ಬರೆದು ಕೊಡಬೇಕು, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ. ಕೂತು ಬರೆಯುತ್ತೀರೋ ನಿಂತು ಬರೆಯುತ್ತೀರೋ ನಿಮಗೆ ಬಿಟ್ಟದ್ದು. ತಿಂಗಳ ಕೊನೆಯವರೆಗೆ ಕಾಯುತ್ತೇವೆ.

ಬರೆದು ಕೊಡದಿದ್ದರೆ, ಮರುದಿನ ಬೆಳಗ್ಗೆ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಪೀರಪ್ಪನ ಕಾರು ನಿಮ್ಮ ಬಾಗಿಲಲ್ಲಿರುತ್ತದೆ. ಕಾನೂನು ಮುರಿಯುವುದಿಲ್ಲ, ಇಂಜಿನ್ನು ಹಚ್ಚದೆ, ಎತ್ತು ಕಟ್ಟಿ ಎಳೆದು ತರುತ್ತೇವೆ. ಹಿಂದೆ ಇಡೀ ಹಿಂಡು ಬರುತ್ತದೆ. ಮೊದಲು ಕಾರಿಗೆ, ಆಮೇಲೆ ನಿಮ್ಮ ಕಚೇರಿಗೆ. ಮೇಜು, ಕಪಾಟು, ಸೈಕಲ್ಲು, ಬಿಳಿ ಪ್ಯಾಂಟಿನ ಇನ್‌ಸ್ಪೆಕ್ಟರು, ಕುರ್ಚಿ, ಕುರ್ಚಿಯೊಳಗಿನ ತಾವು, ಎಲ್ಲರಿಗೂ ಮೈ ತಿಕ್ಕಿಸಿ ಭಂಡಾರ ತೂರಿ ಹಿಂಡಿಗೆ ಸೇರಿಸಿಕೊಳ್ಳುತ್ತೇವೆ. ಒಂದು ಮಸಿಯ ದೌತಿಯೂ ಉರುಳುವುದಿಲ್ಲ. ಆದರೆ ನಿಂತದ್ದಕ್ಕೆ ಕುರಿ ತಾಗಿದರೂ ಅಪಘಾತವೆಂದು ತೀರ್ಪು ಕೊಟ್ಟವರು ತಾವು. ಅಂದಿನಿಂದ ನಿಮ್ಮ ಕಚೇರಿಯ ವಿಮೆ ಎಷ್ಟು ಏರಬೇಕು, ಲೆಕ್ಕ ಹಾಕಿಡಿ. ಮುಂದಿನ ವರ್ಷ ನಾವು ಬಾರದೆ ಹೋದರೆ ಇನ್ನೆಷ್ಟು ಏರಬೇಕು, ಅದನ್ನೂ ಹಾಕಿಡಿ.

ಇದನ್ನು ಓದಿ ಹೇಳಿದಾಗ ರೇವಮ್ಮ ಒಂದು ಮಾತು ಸೇರಿಸಲು ಹೇಳಿದಳು: "ಅಂಜಬ್ಯಾಡ್ರಿ ಅಂತ ಬರಿಯೋ ತಮ್ಮಾ. ಹಿಂಡಿಗಿ ಕೂಡಿದವರನ್ನ ಬೀರೋಬ ಕೈ ಬಿಡಂಗಿಲ್ಲ. ಅವರು ಎಂಥಾವರಿದ್ರೂ."

ಇಂತಿ,
ಕಾರಿಲ್ಲದ, ಓಡಿಸಲು ಬಾರದ, ಈ ತನಕ ಯಾರಿಗೂ ಡಿಕ್ಕಿ ಹೊಡೆಯದ,
ಆದ್ದರಿಂದ ನಿಮ್ಮ ಲೆಕ್ಕದಲ್ಲಿ ಈ ಜಿಲ್ಲೆಯ ಅತ್ಯಂತ ಅಪಾಯಕಾರಿ ಮನುಷ್ಯ,
ಚಾಲಕರ ಸಂಘದ ಕಾರ್ಯದರ್ಶಿ